ನೋವು ಹೋಗಿತ್ತು, ಮಂಡಿ ವಾಸಿಯಾಗಿರಲಿಲ್ಲ: ಒಬ್ಬ ಎಸ್ಟೇಟ್ ರೈಟರ್‌ನ ಎಸಿಎಲ್ ಪ್ರಕರಣ

ಆಲ್ದೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿರುವ 26 ವರ್ಷದ ಹುಡುಗನ ಪ್ರಕರಣ ಇದು. ಅವನ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಹಿಡಿದಿಡುವ ಕಟ್ಟು, ಹರಿದಿತ್ತು. ನಾನು ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಆಪರೇಷನ್‌ಗೆ ಮೊದಲು ಮೂರು ವಾರ, ಆಮೇಲೆ ಹನ್ನೊಂದು ತಿಂಗಳು ಅವನ ಮಂಡಿ ನನ್ನ ಕೈಯಲ್ಲಿತ್ತು. ಅವನೂ ಅವನ ತಾಯಿಯೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ.

ಇದರಲ್ಲಿ ಅಪರೂಪದ್ದು ಏನೂ ಇಲ್ಲ. ಮಲೆನಾಡಿನ ಎಷ್ಟೋ ಹುಡುಗರು ಹೀಗೇ ಬೀಳುತ್ತಾರೆ, ಹೀಗೇ ಸುಮ್ಮನಾಗುತ್ತಾರೆ. ಅದಕ್ಕೇ ಬರೆಯಬೇಕು ಅನ್ನಿಸಿತು. ನೋವು ಇಲ್ಲ ಅಂದರೆ ವಾಸಿಯಾಗಿದೆ ಎಂಬ ನಂಬಿಕೆ ಇವನನ್ನು ಒಂದು ಸಲ ಕೆಡಿಸಿತು. ಎರಡನೇ ಸಲ ಕೆಡಿಸುವುದರಲ್ಲಿತ್ತು.

ಜನವರಿಯ ರಾತ್ರಿ

ಜನವರಿ ಹೊತ್ತಿಗೆ ನಮ್ಮ ಕಡೆ ಗದ್ದೆ ಕೊಯ್ಲು ಮುಗಿದಿರುತ್ತದೆ. ಊರೂರಲ್ಲಿ ಹೊನಲು ಬೆಳಕಿನ ಕಬಡ್ಡಿ ನಡೆಯುತ್ತದೆ. ಇವನು ತನ್ನ ಊರಿನ ತಂಡದ ರೇಡರ್. ಅವತ್ತು ರಾತ್ರಿ ಹನ್ನೊಂದರ ಸುಮಾರಿಗೆ ಬೋನಸ್ ಗೆರೆ ದಾಟಿ ವಾಪಸ್ ತಿರುಗಿದ. ಎಡಗಾಲು ಮ್ಯಾಟ್ ಮೇಲೆ ಊರಿಕೊಂಡೇ ಇತ್ತು, ಮೈ ಮಾತ್ರ ತಿರುಗಿತು. ಎದುರಾಳಿ ಯಾರೂ ಮುಟ್ಟಿರಲಿಲ್ಲ. ಮಂಡಿಯೊಳಗೆ ‘ಟಪ್’ ಅಂತ ಏನೋ ಕಿತ್ತ ಹಾಗಾಯಿತಂತೆ. ಎರಡು ನಿಮಿಷ ಬಿದ್ದಿದ್ದು ಎದ್ದ. ಇನ್ನೊಂದು ರೇಡ್ ಹೋಗಲು ನೋಡಿದ, ಕಾಲು ನಿಲ್ಲಲಿಲ್ಲ. ಮನೆಗೆ ಬಂದು ಮಲಗುವಷ್ಟರಲ್ಲಿ ಮಂಡಿ ಊದಿ ಚಿಪ್ಪು ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ.

ತಿರುಗುವಾಗ ಬಿದ್ದದ್ದು, ಟಪ್ ಅನ್ನುವ ಸದ್ದು, ಒಂದೆರಡು ಗಂಟೆಯಲ್ಲೇ ಬಂದ ಊತ. ಈ ಮೂರೂ ಒಟ್ಟಿಗೆ ಇದ್ದರೆ ಮೊದಲ ಅನುಮಾನ ಎಸಿಎಲ್ ಮೇಲೆಯೇ ಇರಬೇಕು. ಕೀಲಿನಲ್ಲಿ ನೀರು ತುಂಬಿ ಬರುವ ಊತ ನಿಧಾನ, ಮಾರನೇ ದಿನ ಕಾಣುತ್ತದೆ. ಇಷ್ಟು ಬೇಗ ಬಂದರೆ ಒಳಗೆ ರಕ್ತ ಸೇರಿದೆ ಎಂದೇ ತಿಳಿಯಬೇಕು.

ಮಾರನೇ ದಿನ ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೇ ಅಂದರು. ಮನೆಯವರಿಗೆ ಸಮಾಧಾನ ಆಯಿತು. ಆದರೆ ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಲಿಗಮೆಂಟ್ ಅದರಲ್ಲಿ ಕಾಣುವುದಿಲ್ಲ. ಆಮೇಲೆ ನಾಟಿ ಔಷಧಿಯವರ ಹತ್ತಿರ ಹೋಗಿ ಸೊಪ್ಪಿನ ಕಟ್ಟು ಹಾಕಿಸಿದರು, ಎಣ್ಣೆ ಹಚ್ಚಿ ಉಜ್ಜಿಸಿದರು. ಮೂರು ವಾರಕ್ಕೆ ಊತ ಇಳಿಯಿತು, ನೋವು ಹೋಯಿತು. ಕಟ್ಟು ಹಾಕದಿದ್ದರೂ ಇಳಿಯುತ್ತಿತ್ತು. ಒಳಗೆ ಸೇರಿದ ರಕ್ತವನ್ನು ಮೈ ತಾನೇ ಹೀರಿಕೊಳ್ಳುತ್ತದೆ. ಹರಿದ ಲಿಗಮೆಂಟ್ ಮಾತ್ರ ಸಾಮಾನ್ಯವಾಗಿ ಹರಿದೇ ಇರುತ್ತದೆ.

ಎಸಿಎಲ್ ಅಂದರೆ ಮಂಡಿಯ ನಡುವೆ, ತೊಡೆಮೂಳೆಯಿಂದ ಕೆಳಗಾಲಿನ ಮೂಳೆಗೆ ಓರೆಯಾಗಿ ಹೋಗುವ ಗಟ್ಟಿ ಹಗ್ಗ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಜಾಸ್ತಿ ತಿರುಚಿಕೊಳ್ಳದಂತೆ ಅದು ಹಿಡಿದಿಡುತ್ತದೆ. ಸಮನೆಲದಲ್ಲಿ ನೇರ ನಡೆಯುವಾಗ ಅದಕ್ಕೆ ಹೆಚ್ಚು ಕೆಲಸ ಇಲ್ಲ. ಹಾಗಾಗಿ ಹರಿದವರೂ ಆರಾಮಾಗಿ ನಡೆಯುತ್ತಾರೆ. ಇಳಿಜಾರು, ದಿಢೀರ್ ತಿರುಗುವುದು, ಓಡುತ್ತಾ ನಿಲ್ಲುವುದು ಬಂದಾಗ ಕೊರತೆ ಗೊತ್ತಾಗುತ್ತದೆ. ಇವನ ಕೆಲಸದ ಜಾಗದಲ್ಲಿ ಸಮನೆಲ ಅಂತ ಇರುವುದು ಕಾಫಿ ಒಣಗಿಸುವ ಕಣ ಒಂದೇ.

ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು. ತೂಕ ಬರೆದುಕೊಳ್ಳಲು ತೋಟದೊಳಗೆ ಇಳಿಯುವಾಗ ಮಂಡಿ ಒಮ್ಮೆಲೇ ಜಾರಿದ ಹಾಗಾಗಿ ಕೂತುಬಿಟ್ಟ. ಎರಡು ದಿನ ಊತ, ಮತ್ತೆ ಸರಿ. ಹತ್ತು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಈ ಸಲ ಮಂಡಿಯ ಒಳಬದಿಯಲ್ಲಿ ಹೊಸ ನೋವು ಶುರುವಾಯಿತು, ಕುಕ್ಕರಗಾಲಲ್ಲಿ ಕೂರಲು ಆಗದ ನೋವು. ಆಗ, ಮಾರ್ಚ್ ತಿಂಗಳಲ್ಲಿ, ನನ್ನ ಹತ್ತಿರ ಬಂದ.

ಪರೀಕ್ಷೆ, ಮತ್ತು ತಂದೆಯ ಪ್ರಶ್ನೆ

ಮಂಡಿಯನ್ನು 20ರಿಂದ 30 ಡಿಗ್ರಿ ಬಗ್ಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆಯುವ ಒಂದು ಪರೀಕ್ಷೆ ಇದೆ. ಲಾಕ್‌ಮನ್ ಪರೀಕ್ಷೆ ಅನ್ನುತ್ತಾರೆ. ಒಳ್ಳೆಯ ಮಂಡಿಯಲ್ಲಿ, ಬಿಗಿದ ಹಗ್ಗಕ್ಕೆ ತಾಗಿದ ಹಾಗೆ ಕಾಲು ತಟ್ಟನೆ ನಿಲ್ಲುತ್ತದೆ. ಇವನ ಬಲಗಾಲಲ್ಲಿ ನಿಂತಿತು. ಎಡಗಾಲಲ್ಲಿ ನಿಲ್ಲುವ ಜಾಗವೇ ಸಿಗಲಿಲ್ಲ. ಚಿಪ್ಪಿನ ಮೇಲೆ 15 ಸೆಂ.ಮೀ. ಅಳೆದು ನೋಡಿದರೆ ಎಡತೊಡೆಯ ಸುತ್ತಳತೆ ಬಲತೊಡೆಗಿಂತ 3 ಸೆಂ.ಮೀ. ಕಡಿಮೆ. ಎರಡೇ ತಿಂಗಳಲ್ಲಿ ಅಷ್ಟು ಸೊರಗಿತ್ತು. ಮೂಳೆ ವೈದ್ಯರ ಹತ್ತಿರ ಕಳಿಸಿದೆ. ಎಂಆರ್‌ಐ ಆಯಿತು. ಎಸಿಎಲ್ ಪೂರ್ತಿ ಹರಿದಿತ್ತು. ಮಂಡಿಯ ಎರಡು ಮೂಳೆಗಳ ನಡುವೆ ಗಾದಿಯಂತೆ ಕೂರುವ ಮೆನಿಸ್ಕಸ್ ಕೂಡ, ಒಳಬದಿಯದು, ಹಿಂತುದಿಯಲ್ಲಿ ಸೀಳಿತ್ತು.

ಆ ಸೀಳು ಜನವರಿಯಲ್ಲೇ ಆಗಿತ್ತೋ, ತೋಟದಲ್ಲಿ ಜಾರಿದಾಗ ಆಯಿತೋ? ಒಳಬದಿಯ ನೋವು ಫೆಬ್ರವರಿ ಕೊನೆಯವರೆಗೆ ಇರಲೇ ಇಲ್ಲ. ಹಾಗಾಗಿ ತೋಟದಲ್ಲಿ ಆದದ್ದು ಎಂದೇ ನನ್ನ ಎಣಿಕೆ. ಹಿಡಿತ ತಪ್ಪಿದ ಮಂಡಿ ಜಾರಿದಾಗಲೆಲ್ಲ ಎರಡು ಮೂಳೆಗಳ ನಡುವೆ ಸಿಕ್ಕಿ ಅರೆಯುವುದು ಈ ಗಾದಿಯೇ. ಲಿಗಮೆಂಟ್ ಹರಿದವರು ಕಾಲ ತಳ್ಳಿದಷ್ಟೂ ಮೆನಿಸ್ಕಸ್ ಹಾಳಾಗುವ ಸಂಭವ ಹೆಚ್ಚು.

ಅವನ ತಂದೆ ಕೇಳಿದ ಮೊದಲ ಮಾತು, “ಆಪರೇಷನ್ ಬೇಕೇ ಬೇಕಾ ಮೇಡಂ? ನಡೀತಾನಲ್ಲ.” ಇದು ಕೇಳಲೇಬೇಕಾದ ಪ್ರಶ್ನೆ. ಎಸಿಎಲ್ ಹರಿದವರಿಗೆಲ್ಲ ಆಪರೇಷನ್ ಬೇಕು ಅಂತೇನಿಲ್ಲ. ಸ್ವೀಡನ್ನಿನಲ್ಲಿ 121 ಯುವಕ ಯುವತಿಯರನ್ನು ಎರಡು ಗುಂಪು ಮಾಡಿ ನೋಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಆಪರೇಷನ್. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಆಪರೇಷನ್. ಎರಡು ವರ್ಷದ ಮೇಲೆ ಎರಡೂ ಗುಂಪಿನವರ ಮಂಡಿ ಹೆಚ್ಚುಕಡಿಮೆ ಒಂದೇ ಥರ ಇತ್ತು. ವ್ಯಾಯಾಮದ ಗುಂಪಿನ 59 ಜನರಲ್ಲಿ ಅಷ್ಟರೊಳಗೆ 23 ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಉಳಿದವರು ವ್ಯಾಯಾಮದಲ್ಲೇ ನಡೆಸಿಕೊಂಡಿದ್ದರು. ಮನೆ, ಅಂಗಡಿ, ಆಫೀಸು ಅಂತ ನೇರ ನಡೆಯುವ ಬದುಕಿನವರು, ಮಂಡಿ ಜಾರದವರು, ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿ ನೋಡಬಹುದು. ನಾನು ಹಾಗೇ ಹೇಳುತ್ತೇನೆ.

ಇವನ ವಿಷಯ ಬೇರೆ ಇತ್ತು. ಆಟ ಬಿಡಿ, ದಿನದ ಕೆಲಸದಲ್ಲೇ ಎರಡು ಸಲ ಮಂಡಿ ಜಾರಿತ್ತು. ಕೆಲಸ ಇಳಿಜಾರಿನದು. ಗಾದಿ ಆಗಲೇ ಸೀಳಿತ್ತು. ವೈದ್ಯರೂ ಆಪರೇಷನ್ ಅಂದರು, ನನಗೂ ಅದೇ ಸರಿ ಅನ್ನಿಸಿತು.

“ಹರಿದದ್ದನ್ನ ಹೊಲಿಯಕ್ಕೆ ಆಗಲ್ವಾ?” ಅಂತ ಅವನ ತಾಯಿ ಕೇಳಿದರು. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೋ ರಾಬ್ಸನ್ ಎಂಬ ಸರ್ಜನ್ ಒಬ್ಬ ಗಣಿ ಕಾರ್ಮಿಕನ ಮಂಡಿ ತೆರೆದು ಹೊಲಿದದ್ದು ಇದೇ ಲಿಗಮೆಂಟನ್ನು. ಆದರೆ ಹೀಗೆ ಹೊಲಿದವು ಬಹಳ ಸಲ ಕೂಡಿಕೊಳ್ಳುವುದಿಲ್ಲ. ಚರ್ಮ ಹರಿದರೆ ರಕ್ತ ಹೆಪ್ಪುಗಟ್ಟಿ ಎರಡು ಅಂಚು ಸೇರುತ್ತವೆ. ಕೀಲಿನೊಳಗಿನ ದ್ರವ ಆ ಹೆಪ್ಪನ್ನು ನಿಲ್ಲಲು ಬಿಡುವುದಿಲ್ಲ. ಹಾಗಾಗಿ ಈಗ ಸಾಮಾನ್ಯವಾಗಿ ಹಳೆಯದನ್ನು ಬಿಟ್ಟು, ರೋಗಿಯ ಮೈಯಿಂದಲೇ ಒಂದು ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಎಳೆ) ತೆಗೆದು ಹೊಸ ಹಗ್ಗ ಕಟ್ಟುತ್ತಾರೆ. ಅದಕ್ಕೆ ಗ್ರಾಫ್ಟ್ ಅನ್ನುತ್ತಾರೆ.

ಹಣದ ವಿಷಯವನ್ನೂ ಹೇಳಬೇಕು. ಇವರದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ತೆಗೆದುಕೊಳ್ಳಬೇಕು. ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಅಂತ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿಕೊಳ್ಳಿ. ಎಲ್ಲರೂ ಆಪರೇಷನ್ ಖರ್ಚಿನ ಲೆಕ್ಕ ಹಾಕುತ್ತಾರೆ. ಆಮೇಲಿನ ತಿಂಗಳುಗಳ ಬಸ್ ಚಾರ್ಜು, ಫಿಸಿಯೋ ಫೀಸು, ಬಿಟ್ಟುಹೋದ ಸಂಬಳ, ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಲೇಬೇಕು.

ಆಪರೇಷನ್

ಕೂಡಲೇ ಮಾಡಲಿಲ್ಲ. ಊದಿಕೊಂಡ, ಪೂರ್ತಿ ನೇರವಾಗದ ಮಂಡಿಗೆ ಕೈ ಹಾಕಿದರೆ ಆಮೇಲೆ ಬಿಗಿದುಕೊಳ್ಳುವ ಭಯ ಜಾಸ್ತಿ. ಮೂರು ವಾರ ಐಸ್ ಇಟ್ಟು ಊತ ಇಳಿಸಿ, ಮಂಡಿ ನೇರ ಮಾಡಿಸಿ, ತೊಡೆಯ ಮುಂಭಾಗದ ಸ್ನಾಯುವಿಗೆ ಸ್ವಲ್ಪ ಜೀವ ತುಂಬಿಸಿ ಕಳಿಸಿದೆ. ಏಪ್ರಿಲ್ ಮಧ್ಯದಲ್ಲಿ, 60 ಕಿ.ಮೀ. ದೂರದ ಹಾಸನದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು.

ಸೊಂಟಕ್ಕೆ ಅನಸ್ತೇಷಿಯಾ. ಮಂಡಿಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡುತ್ತಾರೆ. ತೊಡೆಯ ಹಿಂಭಾಗದಿಂದ ಎರಡು ಸ್ನಾಯುರಜ್ಜು ತೆಗೆದು, ಮಡಚಿ ನಾಲ್ಕು ಎಳೆ ಮಾಡಿದರು. ದಪ್ಪ 8.5 ಮಿ.ಮೀ. ಬಂತು. 8ಕ್ಕಿಂತ ತೆಳುವಾದರೆ ಮತ್ತೆ ಹರಿಯುವ ಭಯ ಹೆಚ್ಚು, ಹಾಗಾಗಿ ಆ ಸಂಖ್ಯೆ ಕೇಳಿ ನನಗೆ ನೆಮ್ಮದಿ ಆಯಿತು. ಚಿಪ್ಪಿನ ಕೆಳಗಿನ ರಜ್ಜು ತೆಗೆಯುವ ವಿಧಾನವೂ ಇದೆ, ಅದೂ ಗಟ್ಟಿಯೇ. ಆದರೆ ಮಂಡಿ ಊರುವಾಗ ಮುಂಭಾಗದ ನೋವು ಕೆಲವರಿಗೆ ಉಳಿಯುತ್ತದೆ. ನೆಲದ ಮೇಲೆ ಕೂತು ಏಳುವ ಬದುಕು ಇವನದು, ಅದನ್ನು ನೋಡಿ ವೈದ್ಯರು ಹೀಗೆ ಆರಿಸಿದರು. ಮೂಳೆಯಲ್ಲಿ ಸುರಂಗ ಕೊರೆದು ಗ್ರಾಫ್ಟನ್ನು ಹಾಯಿಸಿ, ಮೇಲೆ ಒಂದು ಬಟನ್, ಕೆಳಗೆ ಒಂದು ಸ್ಕ್ರೂ ಹಾಕಿ ಬಿಗಿದರು.

ಮೆನಿಸ್ಕಸ್ ಹೊಲಿಯಲು ಆಗಲಿಲ್ಲ. ಅದರ ಹೊರ ಅಂಚಿಗೆ ಮಾತ್ರ ಒಳ್ಳೆಯ ರಕ್ತ ಸಂಚಾರ ಇದೆ, ಅಲ್ಲಿ ಹೊಲಿದರೆ ಕೂಡುತ್ತದೆ. ಇವನದು ಒಳ ಅಂಚಿನ ಕಡೆ ನುಜ್ಜಾಗಿ ಸೀಳಿತ್ತು. ಆ ಭಾಗವನ್ನು ಕತ್ತರಿಸಿ ತೆಗೆದರು. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಬೇಸರ ತಂದದ್ದು ಇದು. ಜನವರಿಯಲ್ಲೇ ಯಾರಾದರೂ ಕಾಲನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿದ್ದರೆ ಆ ತುಂಡು ಇನ್ನೂ ಅವನ ಮಂಡಿಯಲ್ಲಿ ಇರುತ್ತಿತ್ತೋ ಏನೋ.

ದಿಂಬು

ಮೂರನೇ ದಿನ ಮನೆಗೆ ಬಂದ. ಹೊಲಿಗೆ ಬಿಚ್ಚಿದ್ದು ಹದಿನಾಲ್ಕನೇ ದಿನ. ಅಷ್ಟರವರೆಗೆ ವಾಕರ್, ಉದ್ದದ ಬ್ರೇಸ್. ಮಾಡಬೇಕಾದ್ದನ್ನು ಬರೆದು ಕೊಟ್ಟಿದ್ದೆ. ಹಿಮ್ಮಡಿ ಕೆಳಗೆ ಟವಲ್ ಸುತ್ತಿ ಇಟ್ಟು ಮಂಡಿ ತಾನೇ ಕೆಳಗಿಳಿಯಲು ಬಿಡುವುದು, ತೊಡೆ ಬಿಗಿಯುವುದು, ಕಾಲು ನೇರ ಎತ್ತುವುದು. ಮನೆಯಲ್ಲಿ ಬಗ್ಗಿ ಕೂರುವ ಶೌಚಾಲಯ ಇತ್ತು. ಅದರ ಮೇಲೆ ಇಡುವ ಕಮೋಡ್ ಕುರ್ಚಿ ತರಿಸಿದರು.

ಐದನೇ ವಾರ ಬಂದಾಗ ಸ್ವಲ್ಪ ಕುಂಟುತ್ತಿದ್ದ. ನೋವು ಇಲ್ಲ ಅಂದ. ಬೋರಲು ಮಲಗಿಸಿ, ಮಂಡಿಯಿಂದ ಕೆಳಗಿನ ಭಾಗ ಮಂಚದಿಂದ ಹೊರಗೆ ಬರುವಂತೆ ಮಾಡಿ ಎರಡು ಹಿಮ್ಮಡಿಗಳ ಎತ್ತರ ನೋಡಿದೆ. ಎಡ ಹಿಮ್ಮಡಿ 8 ಸೆಂ.ಮೀ. ಮೇಲಿತ್ತು. ಒಂದು ಸೆಂ.ಮೀ.ಗೆ ಹೆಚ್ಚುಕಡಿಮೆ ಒಂದು ಡಿಗ್ರಿ. ಅಂದರೆ ಮಂಡಿ ನೇರವಾಗಲು ಇನ್ನೂ 8 ಡಿಗ್ರಿ ಬಾಕಿ.

ಎಂಟು ಡಿಗ್ರಿ ಏನು ಮಹಾ ಅನ್ನಿಸಬಹುದು. ನೀವೇ ಮಂಡಿಯನ್ನು ಒಂಚೂರು ಬಗ್ಗಿಸಿಕೊಂಡು ಐದು ನಿಮಿಷ ನಿಂತು ನೋಡಿ, ತೊಡೆ ಉರಿಯುತ್ತದೆ. ನೇರವಾಗದ ಮಂಡಿಯವರು ಇಡೀ ದಿನ ಹಾಗೇ ನಡೆಯುತ್ತಾರೆ. ಚಿಪ್ಪಿನ ಹಿಂದೆ ನೋವು ಬರುತ್ತದೆ, ತೊಡೆ ಬೆಳೆಯುವುದಿಲ್ಲ. ತಡ ಮಾಡಿದರೆ ಕೀಲಿನ ಮುಂದೆ ಗಟ್ಟಿ ಗಾಯದ ಗಂಟು ಬೆಳೆದು ಇನ್ನೊಂದು ಸಲ ಕ್ಯಾಮೆರಾ ಬಿಟ್ಟು ತೆಗೆಸಬೇಕಾಗುತ್ತದೆ.

ವ್ಯಾಯಾಮ ಮಾಡ್ತಿದ್ದೀಯಾ ಅಂತ ಕೇಳಿದೆ. ದಿನಾ ಮಾಡ್ತೀನಿ ಅಂದ. ಸುಳ್ಳು ಹೇಳುವ ಹುಡುಗ ಅಲ್ಲ. ರಾತ್ರಿ ಹೇಗೆ ಮಲಗ್ತೀಯಾ ಅಂದೆ. ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿ ಬಾಗಿಲ ಹತ್ತಿರ ಬಂದು ಹೇಳಿದರು, “ಮಂಡಿ ಕೆಳಗೆ ದಿಂಬು ಇಡ್ತೀನಿ ಮೇಡಂ. ಇಲ್ಲದಿದ್ರೆ ಅವನಿಗೆ ನಿದ್ದೆ ಬರಲ್ಲ.”

ಊದಿದ ಮಂಡಿಗೆ ಸುಮಾರು 30 ಡಿಗ್ರಿ ಬಗ್ಗಿದಾಗ ಒಳಗೆ ಜಾಗ ಜಾಸ್ತಿ, ಒತ್ತಡ ಕಡಿಮೆ. ಅದಕ್ಕೇ ದಿಂಬು ಹಿತ. ಹಗಲು ಆರು ಸಲ ಹತ್ತು ಹತ್ತು ನಿಮಿಷ ನೇರ ಮಾಡಿದ್ದನ್ನು ರಾತ್ರಿಯ ಏಳು ಗಂಟೆಗಳ ನಿದ್ದೆ ವಾಪಸ್ ಬಗ್ಗಿಸುತ್ತಿತ್ತು. ಆ ತಾಯಿ ಎಂಟು ದಿನಕ್ಕೊಮ್ಮೆ ದಿಂಬಿನ ಕವರು ಒಗೆದು, ಮಗ ಮಲಗಿದ ಮೇಲೆ ಎದ್ದು ಬಂದು ದಿಂಬು ಜಾರಿದೆಯಾ ಅಂತ ನೋಡುತ್ತಿದ್ದರಂತೆ. ಅದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ. ತಪ್ಪು ಅವರದಲ್ಲ, ನನ್ನದು. ನಾನು ಹೇಳಿದ್ದೆಲ್ಲ ಅವನಿಗೆ ಮಾತ್ರ. ಮನೆಯಲ್ಲಿ ಅವನ ಕಾಲು ನೋಡಿಕೊಳ್ಳುವವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವತ್ತಿನಿಂದ ರೋಗಿಯ ಜೊತೆ ಯಾರು ಬಂದಿದ್ದರೂ ಒಳಗೆ ಕರೆದು ಕೂರಿಸಿಕೊಂಡೇ ಹೇಳುತ್ತೇನೆ.

ದಿಂಬು ಹಿಮ್ಮಡಿ ಕೆಳಗೆ ಹೋಯಿತು. ಮೊದಲ ನಾಲ್ಕು ರಾತ್ರಿ ಕಷ್ಟ ಆಯಿತು. ಬೋರಲು ಮಲಗಿ ಕಾಲನ್ನು ಮಂಚದ ಅಂಚಿನಿಂದ ಇಳಿಬಿಡುವುದನ್ನೂ ಸೇರಿಸಿದೆ. ಪಕ್ಕದಲ್ಲಿ ಕೂತು ಗಡಿಯಾರ ನೋಡುವ ಕೆಲಸ ತಾಯಿಯದು. ಒಂಬತ್ತನೇ ವಾರಕ್ಕೆ ಎರಡು ಹಿಮ್ಮಡಿಯೂ ಸಮ ಬಂದವು.

ಜುಲೈ ಮಳೆ

ಹನ್ನೆರಡನೇ ವಾರ ಫೋನ್ ಮಾಡಿದ. “ಮೇಡಂ, ಒಂಚೂರೂ ನೋವಿಲ್ಲ. ಸೋಮವಾರದಿಂದ ತೋಟಕ್ಕೆ ಇಳೀತೀನಿ.” ಜುಲೈ ತಿಂಗಳು. ಜಾರುವ ಕೆಮ್ಮಣ್ಣು, ಗಂಬೂಟು, ಎಡೆಬಿಡದ ಮಳೆ. ನನಗೆ ಎದೆ ಧಸಕ್ ಅಂದಿತು. ಜನವರಿಯ ಮಾತೇ ಮತ್ತೆ ಕೇಳಿದ ಹಾಗಾಯಿತು.

ಬೇರೆ ಕಡೆಯಿಂದ ತಂದು ಹಾಕಿದ ರಜ್ಜು ಮೊದಲು ತನ್ನ ಜೀವಕೋಶಗಳನ್ನು ಕಳೆದುಕೊಳ್ಳುತ್ತದೆ. ಆಮೇಲೆ ಹೊಸ ರಕ್ತನಾಳ ಬಂದು ನಿಧಾನವಾಗಿ ಲಿಗಮೆಂಟ್‌ನಂತೆ ಬದಲಾಗುತ್ತದೆ. ಸುಮಾರು ಆರರಿಂದ ಹನ್ನೆರಡನೇ ವಾರದ ನಡುವೆ ಅದು ಆಪರೇಷನ್ ದಿನಕ್ಕಿಂತಲೂ ದುರ್ಬಲ. ಆದರೆ ನೋವು ಹೋಗುವುದೂ ಸರಿಯಾಗಿ ಅದೇ ಹೊತ್ತಿಗೆ. ಅವನನ್ನು ಕರೆಸಿ ಕೇಳಿದೆ, ಜೂನ್‌ನಲ್ಲಿ ನೆಟ್ಟ ಕಾಫಿ ಗಿಡ ಜುಲೈಯಲ್ಲಿ ಹಸಿರಾಗಿದೆ ಅಂತ ಹಿಡಿದು ಎಳೀತೀಯಾ? ಬೇರು ಬಿಟ್ಟಿರಲ್ಲ ಮೇಡಂ ಅಂದ. ನಿನ್ನ ಮಂಡಿಯಲ್ಲೂ ಅಷ್ಟೇ ಅಂದೆ.

ಮಾತಿಗಿಂತ ಅವನಿಗೆ ನಾಟಿದ್ದು ವಿಡಿಯೋ. ಎಂಟು ಇಂಚಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಎಡಗಾಲಲ್ಲಿ ಭಾರ ಹಾಕಿ ಬಲ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕೆ ಮುಟ್ಟಿಸು ಅಂದೆ. ಮಂಡಿ ನಡುಗುತ್ತಾ ಒಳಕ್ಕೆ ವಾಲಿತು. ಅವನ ಮೊಬೈಲಿನಲ್ಲೇ ಹಿಡಿದು ತೋರಿಸಿದೆ. ಎರಡು ಸಲ ನೋಡಿದ, ಸುಮ್ಮನಾದ. ಸೋಮವಾರ ತೋಟಕ್ಕೆ ಇಳಿಯಲಿಲ್ಲ. ಸಾಹುಕಾರರು ಒಳ್ಳೆಯವರು, ಅಕ್ಟೋಬರ್‌ವರೆಗೆ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ), ಗೊಬ್ಬರದ ಲೆಕ್ಕ ಅಂತ ಆಫೀಸಿನ ಕೆಲಸವನ್ನೇ ಕೊಟ್ಟರು. ಆಮೇಲೂ ಮೊದಲು ಜೀಪ್ ರಸ್ತೆ, ಕೈಯಲ್ಲಿ ಕೋಲು, ನವೆಂಬರ್‌ನಲ್ಲಿ ಇಳಿಜಾರು.

ಮತ್ತೆ ಕಬಡ್ಡಿ ಕಾಲ

ಡಿಸೆಂಬರ್ ಕೊನೆಗೆ ಊರಿನ ಟೂರ್ನಮೆಂಟ್. ಎಂಟೂವರೆ ತಿಂಗಳು ಆಗಿತ್ತು. ಓಡುತ್ತಿದ್ದ, ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ತಂಡದವರು ಎರಡು ರೇಡ್ ಮಾಡು ಸಾಕು ಅಂತ ಬಲವಂತ ಮಾಡುತ್ತಿದ್ದರು. ಪರೀಕ್ಷೆ ಮಾಡಿದೆ. ಒಂಟಿಕಾಲಲ್ಲಿ ಮುಂದಕ್ಕೆ ಹಾರುವುದು: ಬಲಗಾಲು 168 ಸೆಂ.ಮೀ., ಎಡಗಾಲು 138. ಅಂದರೆ 82 ಶೇಕಡ. 90 ದಾಟಬೇಕು. ಒಂಟಿಕಾಲಲ್ಲಿ ಕುರ್ಚಿಯಿಂದ ಏಳುವುದು: ಬಲಗಾಲಲ್ಲಿ 22 ಸಲ, ಎಡಗಾಲಲ್ಲಿ 15.

ಓಸ್ಲೋ ಮತ್ತು ಡೆಲವೇರ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಲೆಕ್ಕವನ್ನು ಅವನಿಗೂ ತಂಡದ ಹಿರಿಯರಿಗೂ ಹೇಳಿದೆ. ಆಪರೇಷನ್ ಆದ ಮೇಲೆ ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ತಡ ಮಾಡಿದಂತೆ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ 51 ಶೇಕಡದಷ್ಟು ಕಡಿಮೆಯಾಗುತ್ತಾ ಹೋಗಿತ್ತು. ತೊಡೆಯ ಬಲ ಎರಡೂ ಕಡೆ ಸಮ ಇದ್ದವರಿಗೆ ಮತ್ತೆ ಪೆಟ್ಟಾದದ್ದು ಕಡಿಮೆ. ಇವನಿಗೆ ತಿಂಗಳೂ ತುಂಬಿರಲಿಲ್ಲ, ಬಲವೂ ಬಂದಿರಲಿಲ್ಲ.

ಅವನು ಆಡಲಿಲ್ಲ. ಸ್ಕೋರ್ ಬರೆಯಲು ಕೂತ. ಎಷ್ಟು ಕಷ್ಟ ಆಗಿರಬಹುದು ಅಂತ ನನಗೆ ಗೊತ್ತು. ಅವತ್ತು ರಾತ್ರಿ ನಾನೂ ಹೋಗಿದ್ದೆ. ಅವನ ತಂಡ ಸೋತಿತು.

ಮಾರ್ಚ್ ಮಧ್ಯದಲ್ಲಿ, ಹನ್ನೊಂದನೇ ತಿಂಗಳು, ಮತ್ತೆ ಅಳೆದೆವು. ಬಲಗಾಲು 172, ಎಡಗಾಲು 160, 93 ಶೇಕಡ. ಮೆಟ್ಟಿಲಿನಿಂದ ಇಳಿಯುವಾಗ ಮಂಡಿ ನೇರ ನಿಂತಿತು. ತೊಡೆಯ ಸುತ್ತಳತೆ ಇನ್ನೂ 1 ಸೆಂ.ಮೀ. ಕಡಿಮೆ ಇದೆ. ಲಾಕ್‌ಮನ್‌ನಲ್ಲಿ ಕಾಲು ತಟ್ಟನೆ ನಿಲ್ಲುತ್ತದೆ. ವೈದ್ಯರೂ ನೋಡಿ ಒಪ್ಪಿದರು. ಈಗ ಸಂಜೆ ಹೊತ್ತು ತಂಡದ ಜೊತೆ ಪ್ರಾಕ್ಟೀಸ್ ಶುರು ಮಾಡಿದ್ದಾನೆ, ಸದ್ಯಕ್ಕೆ ಯಾರೂ ಹಿಡಿಯದ ರೇಡ್. ಎಡಗಾಲು ಊರಿ ತಿರುಗುವ ಜಾಗ ಬಂದಾಗ ಇನ್ನೂ ಒಂದು ಹೆಜ್ಜೆ ಹೆಚ್ಚು ಹಾಕಿಕೊಳ್ಳುತ್ತಾನೆ. ಭಯ ಅದು. ಅದನ್ನು ಅವನೂ ಒಪ್ಪಿಕೊಂಡಿದ್ದಾನೆ. ಆ ಹೆಜ್ಜೆ ಹೋಗುವವರೆಗೆ ಮ್ಯಾಚ್ ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ಕತ್ತರಿಸಿದ ಮೆನಿಸ್ಕಸ್ ಮಾತ್ರ ಮುಂದಿನ ವರ್ಷಗಳ ಲೆಕ್ಕ. ಅಂಥ ಮಂಡಿ ಬೇಗ ಸವೆಯುವ ಸಂಭವ ಹೆಚ್ಚು. ತೂಕ ಏರದಂತೆ, ತೊಡೆ ಸೊರಗದಂತೆ ನೋಡಿಕೊಂಡರೆ ಅದನ್ನು ದೂರ ತಳ್ಳಬಹುದು. ಇದನ್ನೂ ಅವನಿಗೆ ಮುಚ್ಚಿಡದೆ ಹೇಳಿದ್ದೇನೆ. ಬೆಳಿಗ್ಗೆ ಕೂಲಿಯವರ ಹಾಜರಿ ಹಾಕುವ ಮೊದಲು, ಕಾಫಿ ಕಣದ ಪಕ್ಕದ ಮೆಟ್ಟಿಲಿನಲ್ಲಿ ಎಡಗಾಲಲ್ಲಿ ನಿಂತು ಮೂವತ್ತು ಸಲ ಇಳಿದು ಏಳುತ್ತಾನೆ. ಲೆಕ್ಕ ಹಾಕುವುದು ಅವನ ತಾಯಿ.